'ಸಮವಾಗಿ' ಎಂಬ ಪದದ ಬೆಲೆ

ಕೆಲಕಾಲದ ಹಿಂದೆ ನನ್ನ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರದ ಸರಳವಾದ ಲೆಕ್ಕವೊಂದನ್ನು ಕೊಟ್ಟಿದ್ದೆನು. "ನಿಂತಿದ್ದ ಬಂಡಿಯೊಂದು ಸಮವಾಗಿ ವೇಗವನ್ನು ಹೆಚ್ಚಿಸಿಕೊಳ್ಳುತ್ತ ಚಲಿಸಿ, 10 ಸೆಕೆಂಡುಗಳಲ್ಲಿ ಸೆಕೆಂಡಿಗೆ 20 ಮೀಟರುಗಳ ವೇಗವನ್ನು ಮುಟ್ಟಿತು. ಅದು ಸಾಗಿದ ದೂರವೆಷ್ಟು?" ಸರಾಸರಿ ವೇಗವು ಸೆಕೆಂಡಿಗೆ 10 ಮೀಟರು, ಆದುದರಿಂದ ದೂರವು 100 ಮೀಟರು. ಆದರೆ ಕೆಲವರು 200 ಮೀಟರೆಂದು ಬರೆದಿದ್ದರು. ಅವರ ಗುಣಾಕಾರದಲ್ಲಿ ದೋಷವಿರಲಿಲ್ಲ. 'ಸಮವಾಗಿ' ಎಂಬುದನ್ನು ಅವರು 'ಹೆಚ್ಚಿಸಿಕೊಳ್ಳುತ್ತ' ಎಂಬುದಕ್ಕೆ ಸೇರಿಸದೆ, 'ಚಲಿಸಿ' ಎಂಬುದಕ್ಕೆ ಸೇರಿಸಿ ಓದಿದ್ದರು. ಒಂದು ಕ್ರಿಯಾವಿಶೇಷಣವು ನೂರು ಮೀಟರುಗಳಷ್ಟು ದಾರಿ ತಪ್ಪಿಸಿತ್ತು!

ಹಾಗಾದರೆ ಕ್ರಿಯಾವಿಶೇಷಣವೆಂದರೇನು? ಕ್ರಿಯೆಯು ಹೇಗೆ, ಎಲ್ಲಿ, ಯಾವಾಗ, ಎಷ್ಟರಮಟ್ಟಿಗೆ ನಡೆಯಿತೆಂಬುದನ್ನು ತಿಳಿಸುವ ಪದವೇ ಕ್ರಿಯಾವಿಶೇಷಣ. ಅದು ಲಿಂಗವಚನಗಳಿಗೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಓಡುವವನು ಹುಡುಗನಾಗಲಿ, ಓಡುವವಳು ಹುಡುಗಿಯಾಗಲಿ, 'ವೇಗವಾಗಿ' ಎಂಬುದು ಹಾಗೆಯೇ ಉಳಿಯುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ಹೀಗೆ ರೂಪಭೇದವಿಲ್ಲದ ಪದಗಳಿಗಾಗಿ ಅವ್ಯಯ ಪ್ರಕರಣವೆಂಬ ಭಾಗವನ್ನೇ ಮೀಸಲಿಟ್ಟಿದ್ದಾನೆ.

ಪದಗಳು ಹುಟ್ಟುವ ಬಗೆ

ಕನ್ನಡದಲ್ಲಿ ಇವುಗಳ ರಚನೆ ಬಹು ಸೊಗಸಾದುದು. 'ವೇಗವಾದ ಓಟ', 'ವೇಗವಾಗಿ ಓಡು' ಎಂಬ ಎರಡನ್ನು ಹೋಲಿಸಿ ನೋಡಿರಿ. 'ಆದ', 'ಆಗಿ' ಎರಡೂ 'ಆಗು' ಎಂಬ ಒಂದೇ ಧಾತುವಿನ ರೂಪಗಳು. ಮೊದಲನೆಯದು ನಾಮಪದದ ಕಡೆಗೆ ಮುಖಮಾಡಿದರೆ, ಎರಡನೆಯದು ಕ್ರಿಯಾಪದದ ಕಡೆಗೆ ಮುಖಮಾಡುತ್ತದೆ. ಇದಲ್ಲದೆ 'ಮೆಲ್ಲನೆ', 'ತಣ್ಣಗೆ' ಎಂಬ ಅಚ್ಚಗನ್ನಡ ರೂಪಗಳೂ ಉಂಟು. ನೀರನ್ನು ಗಟಗಟನೆ ಕುಡಿಯುತ್ತೇವೆ. ಬೆಂಕಿ ಧಗಧಗನೆ ಉರಿಯುತ್ತದೆ. ಇಲ್ಲಿ ಕ್ರಿಯೆಯ ಸದ್ದು ಅಥವಾ ನೋಟವೇ ಪದವಾಗಿ ನಿಂತಿದೆ.

ಸಂಸ್ಕೃತವು ನಪುಂಸಕಲಿಂಗದ ದ್ವಿತೀಯಾ ಏಕವಚನವನ್ನು ಈ ಕೆಲಸಕ್ಕೆ ತೊಡಗಿಸುತ್ತದೆ. ರಾಮನಾದರೂ ಸೀತೆಯಾದರೂ 'ಶೀಘ್ರಂ ಗಚ್ಛತಿ' ಎಂದೇ ಹೇಳಬೇಕು. ಫ್ರೆಂಚ್ ಮತ್ತು ಸ್ಪ್ಯಾನಿಷ್ ಭಾಷೆಗಳ ಕಥೆ ಇನ್ನೂ ವಿಚಿತ್ರವಾದುದು. ಲ್ಯಾಟಿನ್ನಿನಲ್ಲಿ 'ಕ್ಲಾರಾ ಮೆಂಟೆ' ಎಂದರೆ 'ತಿಳಿಯಾದ ಮನಸ್ಸಿನಿಂದ' ಎಂದರ್ಥ. 'ಮೆಂಟೆ' ಎಂಬ ಈ ಮನಸ್ಸೇ ಕಾಲಕ್ರಮದಲ್ಲಿ ಸವೆದು ಪ್ರತ್ಯಯವಾಯಿತು. ಈಗ ಆ ಭಾಷೆಗಳಲ್ಲಿ ಮನಸ್ಸೇ ಇಲ್ಲದ ಕಲ್ಲುಗುಂಡು ಕೂಡ 'ನಿಧಾನ ಮನಸ್ಸಿನಿಂದ' ಉರುಳಬಲ್ಲುದು! ಇಂಗ್ಲಿಷಿನ 'ಸ್ಲೋಲಿ' ಎಂಬಲ್ಲಿಯ 'ಲಿ' ಪ್ರತ್ಯಯದ ಮೂಲದಲ್ಲಿ 'ದೇಹ, ರೂಪ' ಎಂಬ ಅರ್ಥದ ಹಳೆಯ ಪದವೊಂದಿದೆ. ಜಪಾನೀ ಭಾಷೆಯಲ್ಲಿ 'ಹಯಾಯ್' ಎಂಬ ಗುಣವಾಚಕದ ಕೊನೆ ಬದಲಾಗಿ 'ಹಯಾಕು' ಎಂದರೆ 'ಬೇಗನೆ' ಎಂದಾಗುತ್ತದೆ. ಜರ್ಮನ್ ಭಾಷೆಗೆ ಇಷ್ಟು ಶ್ರಮವೂ ಬೇಡ. 'ಷ್ನೆಲ್' ಎಂಬ ಗುಣವಾಚಕವೇ ಯಾವ ಪ್ರತ್ಯಯವೂ ಇಲ್ಲದೆ ಕ್ರಿಯಾವಿಶೇಷಣವಾಗುತ್ತದೆ.

ಅರ್ಥದ ತರ್ಕ

ರೂಪದ ಮಾತು ಹೀಗಾಯಿತು, ಅರ್ಥದ ಮಾತೇನು? 'ಹುಡುಗನು ರಾತ್ರಿ ಬಯಲಿನಲ್ಲಿ ವೇಗವಾಗಿ ಓಡಿದನು' ಎಂಬ ಮಾತು ನಿಜವಾದರೆ, 'ಹುಡುಗನು ವೇಗವಾಗಿ ಓಡಿದನು' ಎಂಬುದೂ ನಿಜ; 'ಹುಡುಗನು ಓಡಿದನು' ಎಂಬುದೂ ನಿಜ. ಏಕೆ? 1967ರಲ್ಲಿ ಅಮೆರಿಕದ ತತ್ತ್ವಜ್ಞ ಡೊನಾಲ್ಡ್ ಡೇವಿಡ್‌ಸನ್ ಇದಕ್ಕೊಂದು ವಿವರಣೆಯನ್ನು ಕೊಟ್ಟನು. ಇಂತಹ ವಾಕ್ಯವು ಹುಡುಗನನ್ನು ಮಾತ್ರವಲ್ಲದೆ, 'ಓಟ' ಎಂಬ ಘಟನೆಯನ್ನೂ ಕುರಿತು ಮಾತನಾಡುತ್ತದೆ. ಆ ಘಟನೆ ರಾತ್ರಿ ನಡೆಯಿತು, ಬಯಲಿನಲ್ಲಿ ನಡೆಯಿತು ಎಂಬಂತೆ ಒಂದೊಂದು ವಿಶೇಷಣವೂ ಅದಕ್ಕೆ ಒಂದೊಂದು ಲಕ್ಷಣವನ್ನು ಕೂಡಿಸುತ್ತದೆ. ಒಂದನ್ನು ತೆಗೆದುಹಾಕಿದರೆ ನಮ್ಮ ತಿಳಿವಳಿಕೆ ಕುಗ್ಗುವುದೇ ಹೊರತು, ಉಳಿದ ಮಾತು ಸುಳ್ಳಾಗುವುದಿಲ್ಲ.

ಆದರೆ ಎಲ್ಲ ವಿಶೇಷಣಗಳೂ ಹೀಗಲ್ಲ. 'ಬಹುಶಃ ಮಳೆ ಬಂದಿರಬಹುದು' ಎಂಬುದರಿಂದ 'ಮಳೆ ಬಂದಿತು' ಎಂದು ಯಾರೂ ಹೇಳಲಾರರು. 'ಬಹುಶಃ' ಎಂಬುದು ಮಳೆಯ ರೀತಿಯನ್ನು ತಿಳಿಸುವುದಿಲ್ಲ. ಹೇಳುವವನ ಅನಿಶ್ಚಯವನ್ನು ತಿಳಿಸುತ್ತದೆ. 'ವೇಗವಾಗಿ' ಎಂಬುದಾದರೋ ಸಾಪೇಕ್ಷವಾದುದು. ವೇಗವಾಗಿ ಸಾಗುವ ಆಮೆ ಮೊಲದ ಲೆಕ್ಕದಲ್ಲಿ ನಿಧಾನವೇ ಸರಿ. ಆದುದರಿಂದಲೇ ಭೌತಶಾಸ್ತ್ರವು ಇಂತಹ ಪದದೊಂದಿಗೆ ಸಂಖ್ಯೆಯನ್ನೂ ಮಾನವನ್ನೂ ಕೇಳುತ್ತದೆ.

ಈಗ ನಮ್ಮ ಬಂಡಿಯ ಬಳಿಗೆ ಮರಳೋಣ. 'ಸಮವಾಗಿ' ಎಂಬುದನ್ನು ಅಳಿಸಿದರೆ ಪ್ರಶ್ನೆಯಲ್ಲಿ ಉಳಿದುದೆಲ್ಲವೂ ನಿಜವೇ; ಆದರೆ ಉತ್ತರವನ್ನು ನಿಶ್ಚಯಿಸಲಾಗದು. ಬಂಡಿಯು ಬಹುಹೊತ್ತು ತೆವಳಿ, ಕೊನೆಗೆ ಥಟ್ಟನೆ ವೇಗ ಪಡೆದಿದ್ದರೆ ದೂರವು 100 ಮೀಟರಿಗಿಂತ ಬಹಳ ಕಡಮೆ. ಮೊದಲಿಗೇ ವೇಗ ಪಡೆದಿದ್ದರೆ 200ರ ಸಮೀಪ. ಲೆಕ್ಕದ ಭಾರವನ್ನೆಲ್ಲ ಹೊತ್ತಿರುವುದು ಆ ಒಂದು ಪದವೇ.

ತಪ್ಪು ವಿದ್ಯಾರ್ಥಿಗಳದು ಮಾತ್ರವೆ? ಅಲ್ಲ. ಕನ್ನಡದಲ್ಲಿ ಕ್ರಿಯಾವಿಶೇಷಣವು ಸಾಮಾನ್ಯವಾಗಿ ತನ್ನ ಮುಂದೆ ಬರುವ ಕ್ರಿಯೆಗೆ ಅನ್ವಯಿಸುತ್ತದೆ. ವಾಕ್ಯದಲ್ಲಿ ಎರಡು ಮೂರು ಕ್ರಿಯೆಗಳಿದ್ದಾಗ ಅದನ್ನು ದೂರದಲ್ಲಿಟ್ಟರೆ ಸಂದೇಹ ಹುಟ್ಟುವುದು ಸಹಜ. 'ವೇಗವನ್ನು ಸಮವಾಗಿ ಹೆಚ್ಚಿಸಿಕೊಳ್ಳುತ್ತ' ಎಂದು ನಾನು ಬರೆದಿದ್ದರೆ ಗೊಂದಲಕ್ಕೆ ಎಡೆಯಿರುತ್ತಿರಲಿಲ್ಲ. ಅವರಿಗೆ ಕಳೆದಿದ್ದ ಅಂಕಗಳನ್ನು ಮರಳಿಕೊಟ್ಟು, ಪ್ರಶ್ನೆಯನ್ನು ತಿದ್ದಿಕೊಂಡೆನು.