ಸೈಲೆನ್ಸರ್ ಬಿಚ್ಚುವ ಮುನ್ನ

ಕಾರಿನ ಸೈಲೆನ್ಸರ್ ಬದಲಿಸಿದರೆ ಎಂಜಿನ್ನಿಗೆ ಬಲ ಬರುತ್ತದೆ ಎಂಬ ನಂಬಿಕೆ ಕಾರಿನ ಹುಚ್ಚು ಹತ್ತಿದ ಹುಡುಗರಲ್ಲಿ ಗಟ್ಟಿಯಾಗಿದೆ. ಅದು ಪೂರ್ತಿ ಸುಳ್ಳಲ್ಲ, ಆದರೆ ಅವರು ಅಂದುಕೊಂಡಷ್ಟು ನಿಜವೂ ಅಲ್ಲ. ಸಿಲಿಂಡರಿನಲ್ಲಿ ಉರಿದ ಅನಿಲ ಹೊರಹೋಗುವ ದಾರಿ ಇಕ್ಕಟ್ಟಾಗಿದ್ದರೆ, ಅದನ್ನು ಆಚೆ ತಳ್ಳುವುದಕ್ಕೇ ಎಂಜಿನ್ನಿನ ಒಂದಿಷ್ಟು ಶಕ್ತಿ ಖರ್ಚಾಗುತ್ತದೆ. ಆ ದಾರಿಯನ್ನು ಸಲೀಸು ಮಾಡುವುದು ಪರ್ಫಾರ್ಮೆನ್ಸ್ ಎಕ್ಸಾಸ್ಟಿನ ಕೆಲಸ. ಟರ್ಬೊ ಇಲ್ಲದ ನಾಲ್ಕು ಸಿಲಿಂಡರಿನ ಕಾರಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರಿನಿಂದ ಹಿಂದಿನ ಭಾಗವನ್ನಷ್ಟೇ ಬದಲಿಸಿದರೆ ಸಿಗುವುದು ಬೆರಳೆಣಿಕೆಯ ಅಶ್ವಶಕ್ತಿ. ಉಳಿದದ್ದೆಲ್ಲ ಸದ್ದು.

ಹಾಗಿದ್ದೂ ಈ ಕೆಲಸವನ್ನು ಮನೆಯಲ್ಲೇ ಕೈಯಾರೆ ಮಾಡುವುದರಲ್ಲಿ ದೊಡ್ಡ ಲಾಭವಿದೆ ಎಂದು ನಾನು ನಂಬಿದ್ದೇನೆ. ಕಾರಿನ ಅಡಿಗೆ ಮಲಗಿ ಆ ಕೊಳವೆಯನ್ನು ಉದ್ದಕ್ಕೂ ಕೈಯಲ್ಲಿ ಮುಟ್ಟಿ ನೋಡಿದವರಿಗೆ ಅದು ಬರೀ ಹೊಗೆ ಬಿಡುವ ಪೈಪಲ್ಲ ಎಂಬುದು ಗೊತ್ತಾಗುತ್ತದೆ. ಅಮೆರಿಕದಲ್ಲಿ ಮನೆಮುಂದಿನ ಜಾಗದಲ್ಲೇ ಕಾರು ಬಿಚ್ಚಿ ಕಟ್ಟುವ ರೂಢಿ ಹಳೆಯದು. ಮಿಷಿಗನ್‌ನಲ್ಲಿರುವ ನನ್ನ ಅಣ್ಣನ ಮಗನೂ ಅದನ್ನು ಅಂಟಿಸಿಕೊಂಡಿದ್ದಾನೆ. ಅವನ ಬಳಿ ಇರುವುದು ಮಜ್ದಾ ಮಿಯಾಟಾ, 1990ರ ಮಾದರಿ. 1.6 ಲೀಟರ್ ಎಂಜಿನ್, 116 ಅಶ್ವಶಕ್ತಿ, ಇಬ್ಬರಿಗಷ್ಟೇ ಜಾಗ. ಈ ಕಾರನ್ನು ರೂಪಿಸಿದ ಜಪಾನಿನ ಎಂಜಿನಿಯರುಗಳು ಅದರ ಸೈಲೆನ್ಸರಿನ ದನಿಯನ್ನೂ ಕಿವಿಗೊಟ್ಟು ಕೇಳಿ ಹದಮಾಡಿದವರು. ಅಂಥವರ ಕೆಲಸವನ್ನು ಬದಲಿಸಲು ಹೊರಟಾಗ ಸ್ವಲ್ಪ ಭಯಭಕ್ತಿ ಇರಬೇಕು.

ಅಂಗಡಿಯವರು ದಪ್ಪ ಕೊಳವೆ ತೋರಿಸುತ್ತಾರೆ. ದಪ್ಪಗಿದ್ದಷ್ಟೂ ಒಳ್ಳೆಯದೆಂಬುದು ತಪ್ಪು ಲೆಕ್ಕ. ಅನಿಲ ವೇಗವಾಗಿ ಹರಿದರೆ ತನ್ನ ಹಿಂದೆ ಬರುವ ಅನಿಲವನ್ನೂ ಸೆಳೆದುಕೊಂಡು ಹೋಗುತ್ತದೆ. ಸಣ್ಣ ಎಂಜಿನ್ನಿಗೆ ಅತಿ ದಪ್ಪ ಕೊಳವೆ ಹಾಕಿದರೆ ಆ ವೇಗ ಕುಗ್ಗಿ, ಕಡಿಮೆ ಆರ್‌ಪಿಎಂನಲ್ಲಿ ಎಳೆತ ಸೊರಗಬಹುದು. ಅಣ್ಣನ ಮಗ ಆರಿಸಿದ್ದು ಹಳೆಯದಕ್ಕಿಂತ ತುಸುವೇ ದಪ್ಪವಾದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ. ಒಳ್ಳೆಯ ಆಯ್ಕೆ.

ಕೆಲಸದ ಕಷ್ಟವಿರುವುದು ಹೊಸದನ್ನು ಕೂರಿಸುವುದರಲ್ಲಲ್ಲ, ಹಳೆಯದನ್ನು ಬಿಚ್ಚುವುದರಲ್ಲಿ. ಮಿಷಿಗನ್‌ನಲ್ಲಿ ಚಳಿಗಾಲ ಬಂತೆಂದರೆ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕಾರಿನ ಹೊಟ್ಟೆಗೆ ಹಾರಿ ನಟ್ಟು ಬೋಲ್ಟುಗಳನ್ನು ತಿನ್ನುತ್ತದೆ. ಒಳಗಿನಿಂದಲೂ ಶತ್ರುವಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರದ ಓಟದಲ್ಲಿ ಅದು ಆವಿಯಾಗಿ ಹೋಗುತ್ತದೆ, ಹತ್ತಿರದ ಅಂಗಡಿಗಷ್ಟೇ ಓಡುವ ಕಾರಿನಲ್ಲಿ ಸೈಲೆನ್ಸರಿನ ತಳದಲ್ಲೇ ನಿಂತು ತುಕ್ಕು ಹಿಡಿಸುತ್ತದೆ.

ಅಣ್ಣನ ಮಗನ ಕಾರಿನ ಈ ಕೆಲಸಕ್ಕೆ ನಾನೂ ಕೈಜೋಡಿಸಿದ್ದೆ. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿದ್ದೆವು. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಜಾಕಿಯಿಂದ ಹಿಂಭಾಗ ಎತ್ತಿ, ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದೆವು. ಜಾಕಿಯೊಂದನ್ನೇ ನಂಬಿ ಕಾರಿನಡಿಗೆ ಹೋಗಬಾರದು. ಇದರಲ್ಲಿ ರಾಜಿ ಇಲ್ಲ. ಕನ್ವರ್ಟರಿನ ಹಿಂದೆ ಎರಡು ಕೊಳವೆಗಳು ಸೇರುವ ಕಡೆ ಒಂದು ನಟ್ ಸುಲಭವಾಗಿ ಬಂತು. ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ.

“ಚಿಕ್ಕಪ್ಪ, ಇನ್ನೂ ಒತ್ತಿದ್ರೆ ಮುರಿದೇ ಹೋಗುತ್ತೆ.”

“ಬಿಚ್ಚೋಕೆ ಹೋಗಬೇಡ. ಮೊದಲು ಬಿಗಿಮಾಡೋ ಕಡೆ ಒಂಚೂರು ತಿರುಗಿಸು. ಆಮೇಲೆ ಈ ಕಡೆ.”

ಹಾಗೆ ಹಿಂದೆ ಮುಂದೆ ಅಲ್ಲಾಡಿಸುತ್ತ, ನಡುನಡುವೆ ಎಣ್ಣೆ ಬಿಡುತ್ತ ಇದ್ದಾಗ ಕೆಂಪು ಪುಡಿ ಅವನ ಕನ್ನಡಕದ ಮೇಲೆ ಉದುರಿತು, ನಟ್ ಕಿರ್ರೆಂದು ಸಡಿಲವಾಯಿತು. ಈ ಕೆಲಸಕ್ಕೆ ಆರು ಮೂಲೆಯ ಸಾಕೆಟ್ಟೇ ಬೇಕು. ಹನ್ನೆರಡು ಮೂಲೆಯದು ತುಕ್ಕು ತಿಂದ ನಟ್ಟಿನ ಅಂಚನ್ನು ಸವೆಸಿ ಕೆಲಸ ಕೆಡಿಸುತ್ತದೆ. ಸೈಲೆನ್ಸರನ್ನು ತೂಗುಹಾಕಿದ ರಬ್ಬರುಗಳಿಗೆ ಸೋಪಿನ ನೀರು ಹಚ್ಚಿದರೆ ಜಾರಿ ಬರುತ್ತವೆ.

ಹೊಸದನ್ನು ಜೋಡಿಸುವಾಗ ಪ್ಯಾಕಿಂಗ್ ಹೊಸದೇ ಇರಲಿ. ಮುಂದಿನಿಂದ ಹಿಂದಕ್ಕೆ ಹೋಗುತ್ತ ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿಯೇ ಹಾಕಿ, ಕೊಳವೆ ನೆಟ್ಟಗೆ ಕೂತ ಮೇಲೆ ಬಿಗಿ ಮಾಡಬೇಕು. ಬಾಡಿಗೂ ಕೊಳವೆಗೂ ನಡುವೆ ಬೆರಳು ಸಲೀಸಾಗಿ ಆಡುವಷ್ಟಾದರೂ ಜಾಗ ಬಿಡಬೇಕು. ಎರಡು ಮೀಟರ್ ಉದ್ದದ ಸ್ಟೇನ್‌ಲೆಸ್ ಕೊಳವೆಯ ಬಿಸಿ 300 ಡಿಗ್ರಿಯಷ್ಟು ಏರಿದರೆ ಅದು ಸುಮಾರು 1 ಸೆಂಟಿಮೀಟರ್ ಹಿಗ್ಗುತ್ತದೆ. ತಣ್ಣಗಿರುವಾಗ ಚೆನ್ನಾಗಿ ಕೂತದ್ದು ಹೆದ್ದಾರಿಯಲ್ಲಿ ಬಂಪರಿಗೆ ತಾಗಿ ಗಡಗಡ ಅನ್ನುವುದು ಇದಕ್ಕೇ. ಆಮೇಲೆ ಬಯಲಲ್ಲಿ ಎಂಜಿನ್ ಚಾಲೂ ಮಾಡಿ, ಹಿಂದಿನ ಬಾಯಿಗೆ ದಪ್ಪ ಬಟ್ಟೆ ಕ್ಷಣಕಾಲ ಒತ್ತಿದರೆ ಸೋರುವ ಜೋಡಣೆ ‘ಪುಸ್ ಪುಸ್’ ಎಂದು ತಾನೇ ಹೇಳುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಮಾತ್ರ ಎಂಜಿನ್ ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ಪ್ರಾಣವನ್ನೇ ತೆಗೆಯುತ್ತದೆ.

ಇನ್ನು ಸದ್ದಿನ ಮಾತು. 1897ರಲ್ಲಿ ಇಂಡಿಯಾನಾದ ರೀವ್ಸ್ ಸಹೋದರರು ಎಂಜಿನ್ ಸದ್ದಡಗಿಸುವ ಸಾಧನಕ್ಕೆ ಪೇಟೆಂಟ್ ಪಡೆದಾಗಿನಿಂದ ಸೈಲೆನ್ಸರ್ ಶಬ್ದವನ್ನು ಪಳಗಿಸುವ ವಿದ್ಯೆಯಾಗಿ ಬೆಳೆದಿದೆ. ಹೊಸ ಎಕ್ಸಾಸ್ಟ್ ಹಾಕಿದವರನ್ನು ಮೊದಲು ಕಾಡುವುದು ಒಂದೇ ವೇಗದಲ್ಲಿ ಹೋಗುವಾಗ ಕಾರಿನೊಳಗೆ ತುಂಬುವ ಗುಂಯ್‌ಗುಡುವಿಕೆ. ನಾಲ್ಕು ಸಿಲಿಂಡರಿನ ಎಂಜಿನ್ 2,400 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ 80 ಸಲ ಸಿಡಿಯುತ್ತದೆ. ಬಿಸಿ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 450 ಮೀಟರ್ ಎಂದಿಟ್ಟುಕೊಂಡರೆ, ಆ ಸಿಡಿತ ಎಬ್ಬಿಸುವ ಶಬ್ದದ ಅಲೆಯುದ್ದದ ಕಾಲುಭಾಗ 1.4 ಮೀಟರ್. ಅಷ್ಟೇ ಉದ್ದದ, ಒಂದು ಕಡೆ ಬಾಯಿ ಮುಚ್ಚಿದ ಕೊಳವೆಯನ್ನು ಪಕ್ಕದಲ್ಲಿ ಕವಲಾಗಿ ಬೆಸೆದರೆ, ಒಳಹೋದ ಅಲೆ ತಿರುಗಿ ಬಂದು ಮೂಲ ಅಲೆಯನ್ನೇ ಅಳಿಸುತ್ತದೆ. ಒಂದು ತುಂಡು ಪೈಪು ಮತ್ತು ಒಂದು ಲೆಕ್ಕ, ಗದ್ದಲ ಮಾಯ. ಇಷ್ಟು ಸೊಗಸಾದ ಉಪಾಯ ಕಾರಿನಲ್ಲಿ ಇನ್ನೊಂದಿಲ್ಲ ಎನ್ನುತ್ತೇನೆ.

ಮುಟ್ಟಲೇಬಾರದ್ದು ಕ್ಯಾಟಲಿಟಿಕ್ ಕನ್ವರ್ಟರ್. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಆ ಡಬ್ಬಿ ವಿಷಾನಿಲವನ್ನು ತಡೆಯುತ್ತದೆ. ಅದನ್ನು ಕಿತ್ತುಹಾಕುವುದು ಅಮೆರಿಕದ ಕ್ಲೀನ್ ಏರ್ ಆಕ್ಟ್ ಪ್ರಕಾರ ಅಪರಾಧ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಕಾರಿನ ಎಕ್ಸಾಸ್ಟ್ ಸದ್ದು 95 ಡೆಸಿಬಲ್ ಮೀರುವಂತಿಲ್ಲ. ನಮ್ಮಲ್ಲಿ ನಿಯಮ ಇನ್ನೂ ಬಿಗಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕರ್ನಾಟಕದ ಊರುಗಳಲ್ಲಿ ಪೊಲೀಸರು ಜಪ್ತಿ ಮಾಡಿದ ಬೈಕ್ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹರಿಸಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ನಟ್ಟಿರುಳಲ್ಲಿ ಆ ಆರ್ಭಟಕ್ಕೆ ಬೆಚ್ಚಿ ಎದ್ದ ಕೂಸನ್ನು ಸಮಾಧಾನ ಮಾಡಿದ ಯಾವ ತಾಯಿಯೂ ಅದನ್ನು ಅತಿಯೆನ್ನಲಾರಳು. ಇಲ್ಲಿ ಪ್ರಯೋಗ ಮಾಡಲೇಬೇಕೆಂದರೆ ರೇಸ್ ಟ್ರ್ಯಾಕಿಗಷ್ಟೇ ಮೀಸಲಾದ ಕಾರಿನಲ್ಲಿ ಮಾಡಿ.

ಮೊದಲ ಓಟದಲ್ಲಿ ಹೊಸ ಕೊಳವೆಗೆ ಅಂಟಿದ ಎಣ್ಣೆ ಉರಿದು ಒಂದಿಷ್ಟು ಹೊಗೆ, ವಾಸನೆ ಬಂದೀತು, ಗಾಬರಿ ಬೇಡ. ಕೆಲವು ಸಲ ಬಿಸಿಯಾಗಿ ತಣಿದ ಮೇಲೆ ಬೋಲ್ಟುಗಳು ಸಡಿಲಾಗುತ್ತವೆ, ವಾರದೊಳಗೆ ಇನ್ನೊಮ್ಮೆ ಬಿಗಿ ಮಾಡಿ. ಹಳೆಯ ಸೈಲೆನ್ಸರ್ ಗಟ್ಟಿಯಿದ್ದರೆ ಗುಜರಿಗೆ ಹಾಕಬೇಡಿ. ಕಾರು ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.