ಹಿಮವದ್ ಬೆಟ್ಟದ ಮಂಜು, ಕಣದ ಅರಿಶಿನ

ವಸ್ತುಗಳು ಸಾಮಾನ್ಯವಾಗಿ ಘನ, ದ್ರವ, ಅನಿಲ ಎಂಬ ಮೂರು ಸ್ಥಿತಿಗಳಲ್ಲಿರುತ್ತವೆ. ಘನದಲ್ಲಿ ಅಣುಗಳು ತಮ್ಮ ಜಾಗದಲ್ಲೇ ನಿಂತು ಕಂಪಿಸುತ್ತವೆ. ದ್ರವದಲ್ಲಿ ಒಂದಕ್ಕೊಂದು ತಾಗಿಕೊಂಡೇ ಜಾರಾಡುತ್ತವೆ. ಅನಿಲದಲ್ಲಿ ಹಿಡಿತ ಬಿಟ್ಟು ದೂರ ದೂರ ಚದುರುತ್ತವೆ. ಮಂಜುಗಡ್ಡೆ ಕರಗಿ ನೀರಾದರೂ, ನೀರು ಕುದಿದು ಆವಿಯಾದರೂ ಅಣು ಮಾತ್ರ ಅದೇ.

ಸ್ಥಿತಿ ಬದಲಾಗಲು ಶಾಖ ಬೇಕು. 0 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ, 100 ಡಿಗ್ರಿಯ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖ ಖರ್ಚಾಗುತ್ತದೆ. ಇಷ್ಟು ಶಾಖ ಕೊಟ್ಟರೂ ಬದಲಾವಣೆ ಮುಗಿಯುವವರೆಗೆ ಉಷ್ಣತೆ ಏರುವುದಿಲ್ಲ. ಶಾಖವೆಲ್ಲ ಅಣುಗಳ ಬಿಗಿ ಸಡಿಲಿಸುವುದಕ್ಕೇ ಹೋಗುತ್ತದೆ. ಇದೇ ಗುಪ್ತೋಷ್ಣ. 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟರು.

ಆವಿ ಮರಳಿ ನೀರಾಗುವುದನ್ನು ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಕಣ್ಣಾರೆ ನೋಡಬಹುದು. ಬಂಡೀಪುರ ಕಾಡಿನ ಈ ಬೆಟ್ಟದ ಎತ್ತರ 1,454 ಮೀಟರ್. ಬೆಟ್ಟದ ಮೈಯನ್ನು ಏರುವ ಗಾಳಿ, ಮೇಲೆ ಒತ್ತಡ ಕಡಿಮೆಯಿರುವುದರಿಂದ ಹಿಗ್ಗುತ್ತದೆ. ಹಿಗ್ಗಿದಂತೆ ಸಾವಿರ ಮೀಟರಿಗೆ ಸುಮಾರು 10 ಡಿಗ್ರಿಯಷ್ಟು ತಣ್ಣಗಾಗುತ್ತದೆ. ಹೀಗೆ ತಣಿದಾಗ ಅದರಲ್ಲಿನ ಆವಿ ಧೂಳಿನಂಥ ಸೂಕ್ಷ್ಮ ಕಣಗಳ ಮೇಲೆ ಹನಿಗಟ್ಟುತ್ತದೆ. ಇದು ಸಾಂದ್ರೀಕರಣ. ಹನಿಗಟ್ಟುವಾಗ ಆವಿ ತನ್ನ ಗುಪ್ತೋಷ್ಣವನ್ನು ಗಾಳಿಗೆ ಬಿಟ್ಟುಕೊಡುವುದರಿಂದ ಮುಂದೆ ಗಾಳಿ ಅಷ್ಟು ಬೇಗ ತಣಿಯುವುದಿಲ್ಲ.

ನೀರಾವಿ ಕಣ್ಣಿಗೆ ಕಾಣದ ಅನಿಲ. ಬೆಟ್ಟದ ನೆತ್ತಿಯನ್ನು ಮುಸುಕುವ ಮಂಜು ಅನಿಲವಲ್ಲ, ದ್ರವ: ಮಿಲಿಮೀಟರಿನ ನೂರನೇ ಒಂದೆರಡು ಪಾಲಿನಷ್ಟು ಗಾತ್ರದ ನೀರಹನಿಗಳು. ಬಿಸಿಲೇರಿದಾಗ ಅವು ಮತ್ತೆ ಆವಿಯಾಗಿ ಮಂಜು ಕರಗುತ್ತದೆ. ಒತ್ತಡ ತಗ್ಗಿರುವ ಈ ಎತ್ತರದಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಅನ್ನ ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಆವಿಯಾಗಲು ನೀರು ಕುದಿಯಲೇಬೇಕೆಂದಿಲ್ಲ. ಮೇಲ್ಮೈಯಲ್ಲಿ ವೇಗವಾಗಿ ಚಲಿಸುವ ಅಣುಗಳು ಯಾವ ಉಷ್ಣತೆಯಲ್ಲೂ ಗಾಳಿಗೆ ಹಾರಬಲ್ಲವು. ಕರ್ಪೂರವಂತೂ ದ್ರವವಾಗದೆ ನೇರವಾಗಿ ಅನಿಲವಾಗುತ್ತದೆ, ಅದು ಉತ್ಪತನ.

ಚಾಮರಾಜನಗರ ಸೀಮೆಯ ಅರಿಶಿನದ ಬೆಳೆ ನಿಂತಿರುವುದೂ ಆವೀಕರಣದ ಮೇಲೆಯೇ. ಹಸಿ ಅರಿಶಿನದ ತೂಕದಲ್ಲಿ ಹೆಚ್ಚಿನ ಪಾಲು ನೀರು. ಕಿತ್ತ ಗೆಡ್ಡೆಯನ್ನು ಬೇಯಿಸಿ, ಕಣದಲ್ಲಿ ತೆಳ್ಳಗೆ ಹರವಿ, ಹತ್ತು ಹದಿನೈದು ದಿನ ಒಣಗಿಸುತ್ತಾರೆ. ಗೆಡ್ಡೆಯಿಂದ ಹೊರಡುವ ಪ್ರತಿ ಗ್ರಾಂ ನೀರೂ ಐನೂರಕ್ಕೂ ಹೆಚ್ಚು ಕ್ಯಾಲೊರಿ ಶಾಖ ಬೇಡುತ್ತದೆ. ಅಷ್ಟನ್ನೂ ಬಿಸಿಲೇ ಒದಗಿಸಬೇಕಾದ್ದರಿಂದ ಮೋಡ ಕವಿದ ದಿನ ಒಣಗುವುದು ನಿಧಾನ. ತೇವ ನೂರಕ್ಕೆ ಹತ್ತರ ಆಸುಪಾಸಿಗೆ ಇಳಿಯುವ ಮುನ್ನ ಮೂಟೆ ಕಟ್ಟಬಾರದು. ಒಳಗುಳಿದ ನೀರಿನಿಂದ ಅರಿಶಿನಕ್ಕೆ ಬೂಷ್ಟು ಹಿಡಿಯುತ್ತದೆ.