ನಿತ್ಯಜೀವನದಲ್ಲಿ ನಿರ್ವಹಣೆ: ಅರ್ಥ ಮತ್ತು ಮಹತ್ವ

‘ಮ್ಯಾನೇಜ್‌ಮೆಂಟ್’ ಎಂಬ ಇಂಗ್ಲಿಷ್ ಪದಕ್ಕೆ ಸಂವಾದಿಯಾಗಿ ಕನ್ನಡದಲ್ಲಿ ‘ನಿರ್ವಹಣೆ’ ಎಂಬುದು ಈಗ ನೆಲೆಗೊಂಡಿದೆ. ಆದರೆ ಈ ಎರಡು ಪದಗಳ ಹುಟ್ಟು ಬೇರೆ ಬೇರೆ. ಇಂಗ್ಲಿಷ್ ಪದವು ಕುದುರೆಯನ್ನು ಪಳಗಿಸಿ ನಡೆಸುವುದೆಂಬ ಅರ್ಥದ ಇಟಾಲಿಯನ್ ಕ್ರಿಯಾಪದದಿಂದ ಬಂದುದು. ಅದರ ಬುಡದಲ್ಲಿರುವುದು ‘ಕೈ’ ಎಂಬರ್ಥದ ಲ್ಯಾಟಿನ್ ಶಬ್ದ. ‘ನಿರ್ವಹಣೆ’ಯ ಬುಡದಲ್ಲಿರುವುದು ‘ವಹ್’ ಧಾತು. ಹೊರು, ಒಯ್ಯು ಎಂದು ಅದರ ಅರ್ಥ. ಒಂದರಲ್ಲಿ ಹಿಡಿತ ಪ್ರಧಾನ, ಇನ್ನೊಂದರಲ್ಲಿ ಹೊರೆ ಪ್ರಧಾನ. ನಾಟ್ಯಶಾಸ್ತ್ರವು ಹೇಳುವ ಪಂಚಸಂಧಿಗಳಲ್ಲಿ ಕೊನೆಯದು ನಿರ್ವಹಣ ಸಂಧಿ. ಮೊದಲ ನಾಲ್ಕು ಸಂಧಿಗಳಲ್ಲಿ ಚದುರಿದ ಎಳೆಗಳು ಅಲ್ಲಿ ಫಲದೊಡನೆ ಕೂಡಿಕೊಳ್ಳುತ್ತವೆ. ಕೇರಳದ ಕೂಡಿಯಾಟ್ಟದಲ್ಲಿಯಾದರೋ ಪಾತ್ರವೊಂದು ತನ್ನ ಪೂರ್ವಕಥೆಯನ್ನು ಅಭಿನಯಿಸುತ್ತ ನಾಟಕದ ಪ್ರಸ್ತುತ ಘಟ್ಟದವರೆಗೆ ತಂದು ನಿಲ್ಲಿಸುವ ಭಾಗಕ್ಕೆ ನಿರ್ವಹಣವೆಂದು ಹೆಸರು. ಎಲ್ಲಿಂದ ಬಂದಿತೆಂಬುದನ್ನು ಮರೆಯದೆ, ಎಲ್ಲಿಗೆ ಮುಟ್ಟಬೇಕೋ ಅಲ್ಲಿಯತನಕ ಹೊತ್ತೊಯ್ಯುವುದು ಎಂಬ ಅರ್ಥವನ್ನು ಈ ಎರಡು ಪ್ರಯೋಗಗಳು ಕೂಡಿಯೇ ಕೊಡುತ್ತವೆ. ಕರ್ನಾಟಕದ ಸಾರಿಗೆ ಬಸ್ಸಿನ ಕಂಡಕ್ಟರನಿಗೆ ‘ನಿರ್ವಾಹಕ’ನೆಂದು ಹೆಸರಿಟ್ಟವರು ಪದವನ್ನು ಸರಿಯಾಗಿಯೇ ಅರಿತಿದ್ದರು ಎನ್ನಬೇಕು.

ಈ ಅರ್ಥದ ನಿರ್ವಹಣೆ ವಾಣಿಜ್ಯಶಾಸ್ತ್ರದ ತರಗತಿಗಳಲ್ಲಿ ಹುಟ್ಟಿದುದಲ್ಲ. ಹಳೆಯ ಕನ್ನಡ ಮನೆಯ ಹಿತ್ತಲನ್ನು ನೆನೆದರೆ ಸಾಕು. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ದನದ ಬಾಯಿಗೆ, ಬಚ್ಚಲ ನೀರು ಬಾಳೆಯ ಬುಡಕ್ಕೆ, ಒಲೆಯ ಬೂದಿ ಪಾತ್ರೆ ತಿಕ್ಕಲು, ಉಳಿದ ಕಸಕಡ್ಡಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಗದ್ದೆಗೆ ಹೋಗುತ್ತಿದ್ದವು. ಪ್ರತಿಯೊಂದು ವಸ್ತುವಿಗೂ ಕೊನೆಯ ಮಜಲೊಂದು ಗೊತ್ತಾಗಿತ್ತು. ಅದನ್ನು ಗೊತ್ತುಪಡಿಸುತ್ತಿದ್ದವಳು ಮನೆಯ ಹೆಂಗಸು. ಹಿತ್ತಲಿಲ್ಲದ, ದನವಿಲ್ಲದ ಪಟ್ಟಣದ ಮನೆಯಲ್ಲಿ ಈ ಸರಪಣಿ ಬಾಗಿಲ ಬಳಿಯಲ್ಲೇ ಕಡಿದುಬೀಳುತ್ತದೆ. ಕಸ ‘ಹೊರಗೆ’ ಹೋಯಿತು ಎಂದರೆ ಮುಗಿಯಿತು. ಆ ಹೊರಗು ಯಾರದೋ ಊರೆಂಬುದು ಮನೆಯವರ ಅರಿವಿಗೆ ಬರುವುದಿಲ್ಲ. ಬೆಂಗಳೂರಿನ ಪಾಲಿಗೆ ಅದು ಮಂಡೂರಾಗಿತ್ತು. ಮಂಗಳೂರಿನ ಪಾಲಿಗೆ ಪಚ್ಚನಾಡಿ. 2019ರ ಮಳೆಗಾಲದಲ್ಲಿ ಪಚ್ಚನಾಡಿಯ ಕಸದ ರಾಶಿ ಜರಿದು ಕೆಳಗಿನ ಮಂದಾರದ ಅಡಿಕೆ ತೋಟಗಳನ್ನು ಮುಚ್ಚಿತು.

ಈ ಸರಪಣಿ ಕಡಿದಾಗ ಏನಾಗುತ್ತದೆ, ಅದನ್ನು ಮತ್ತೆ ಬೆಸೆಯಲು ಏನು ಬೇಕಾಗುತ್ತದೆ ಎಂಬುದನ್ನು ಕೇರಳದ ಎರಡು ನಗರಗಳ ಅನುಭವ ಸ್ಪಷ್ಟಪಡಿಸುತ್ತದೆ.

ಕೊಚ್ಚಿಯ ಕಸ ವರ್ಷಗಟ್ಟಲೆ ಕಡಂಬ್ರಯಾರ್ ಹೊಳೆಯ ಬದಿಯ ಬ್ರಹ್ಮಪುರಂಗೆ ಹೋಗಿ ಬೀಳುತ್ತಿತ್ತು. 2023ರ ಮಾರ್ಚ್ 2ರಂದು ಅಲ್ಲಿ ಬೆಂಕಿ ಹತ್ತಿತು. ಅದನ್ನು ಪೂರ್ಣವಾಗಿ ಆರಿಸಲು ಹತ್ತಕ್ಕೂ ಹೆಚ್ಚು ದಿನಗಳು ಬೇಕಾದವು. ನಗರವನ್ನು ಹೊಗೆ ಕವಿಯಿತು, ಶಾಲೆಗಳಿಗೆ ರಜೆ ಸಾರಲಾಯಿತು. ಅಂತಹ ಬೆಂಕಿ ಬೇಗನೆ ಆರದಿರುವುದಕ್ಕೆ ಕಾರಣವಿದೆ. ಊಟದ ಉಳಿಕೆಯೂ ಪ್ಲಾಸ್ಟಿಕ್ಕೂ ಬೆರೆತು ರಾಶಿಬಿದ್ದಾಗ ಒಳಗೆ ಗಾಳಿಯಾಡದು, ಕೊಳೆಯುವ ಪದಾರ್ಥ ಮೀಥೇನ್ ಅನಿಲವನ್ನೂ ಶಾಖವನ್ನೂ ಹುಟ್ಟಿಸುತ್ತದೆ, ಪ್ಲಾಸ್ಟಿಕ್ ಉರುವಲಾಗುತ್ತದೆ. ಮೇಲೆ ಸುರಿದ ನೀರು ತಳಕ್ಕೆ ಇಳಿಯುವುದಿಲ್ಲ. ಆದುದರಿಂದಲೇ ಯಂತ್ರಗಳಿಂದ ರಾಶಿಯನ್ನು ಬಗೆದು ಬಗೆದು ನೀರು ಹಾಯಿಸಬೇಕಾಯಿತು. ಅದೇ ತಿಂಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೊಚ್ಚಿ ನಗರಸಭೆಗೆ 100 ಕೋಟಿ ರೂಪಾಯಿ ದಂಡ ವಿಧಿಸಿತು. ಅಡುಗೆಮನೆಯಲ್ಲಿ ಎರಡು ಬುಟ್ಟಿಗಳನ್ನು ಇಟ್ಟಿದ್ದರೆ ಬೇರೆಯಾಗಿ ಉಳಿಯುತ್ತಿದ್ದುದನ್ನು, ಬೆರೆತ ಮೇಲೆ ಬೇರ್ಪಡಿಸುವುದು ಯಾವ ಹಣಕ್ಕೂ ಸುಲಭವಲ್ಲ.

ತಿರುವನಂತಪುರದ ಕಥೆ ಇನ್ನೊಂದು ಬಗೆಯದು. ಆ ನಗರದ ಕಸ ವಿಳಪ್ಪಿಲ್‌ಶಾಲ ಎಂಬ ಗ್ರಾಮದ ಘಟಕಕ್ಕೆ 2000ದಿಂದ ಹೋಗುತ್ತಿತ್ತು. ದುರ್ನಾತ, ಕಸದಿಂದ ಸೋರಿ ತೊರೆಯನ್ನು ಸೇರುವ ರಸ, ನೊಣ ಇವುಗಳಿಂದ ಬೇಸತ್ತ ಜನ ವರ್ಷಗಳ ಕಾಲ ಹೋರಾಡಿದರು. 2011ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಘಟಕಕ್ಕೆ ಬೀಗ ಹಾಕಿತು. ಮರುವರ್ಷ ಪೊಲೀಸ್ ಬಲದೊಡನೆ ಅದನ್ನು ತೆರೆಯಿಸುವ ಪ್ರಯತ್ನವೂ ಜನರ ಎದುರು ಸೋತಿತು. ರಾಜಧಾನಿಯ ಕಸಕ್ಕೆ ‘ಹೊರಗು’ ಎಂಬುದೇ ಇಲ್ಲವಾಯಿತು. ಬೀದಿಗಳು ನಾರಿದವು, ಜನ ಬೈದರು. ಬೇರೆ ದಾರಿಯಿಲ್ಲದೆ ನಗರಸಭೆ ಮನೆಗಳತ್ತ ತಿರುಗಿತು.

ಹೀಗೆ ಬಂದ ಉಪಾಯಗಳಲ್ಲಿ ಕೊಳವೆ ಗೊಬ್ಬರ ಸರಳವಾದುದು. ಎರಡು ಅಗಲ ಕೊಳವೆಗಳನ್ನು ನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಒಂದರಲ್ಲಿ ತಿಂಗಳ ಕಾಲ ಅಡುಗೆಯ ಉಳಿಕೆಯನ್ನು ಹಾಕಿ ಮುಚ್ಚುವುದು. ಎರಡನೆಯದು ತುಂಬುವ ಹೊತ್ತಿಗೆ ಮೊದಲನೆಯದು ಗೊಬ್ಬರವಾಗುತ್ತದೆ. ಅಂಗಳವಿಲ್ಲದವರಿಗೆ ತೆಂಗಿನ ನಾರಿನ ಪುಡಿಯಲ್ಲಿ ಸೂಕ್ಷ್ಮಜೀವಿಗಳನ್ನು ಬೆರೆಸಿ ಬಳಸುವ ಬುಟ್ಟಿಗಳು, ಬಡಾವಣೆಗಳಲ್ಲಿ ಗಾಳಿಯಾಡುವ ಸಾಮೂಹಿಕ ತೊಟ್ಟಿಗಳು ಬಂದವು. ಹೊಸ ಹೆಸರಿನಲ್ಲಿ ಮರಳಿ ಬಂದುದು ಹಿತ್ತಲ ತಿಪ್ಪೆಯೇ. ಪ್ಲಾಸ್ಟಿಕ್ ಮೊದಲಾದ ಒಣ ಕಸವನ್ನು ಮನೆಯವರು ತೊಳೆದು ಒಣಗಿಸಿಡಬೇಕು. ಅದನ್ನು ಮನೆಮನೆಯಿಂದ ಒಯ್ಯುವ ‘ಹರಿತ ಕರ್ಮ ಸೇನೆ’ ಮುಂದೆ ಕೇರಳದಾದ್ಯಂತ ಹಬ್ಬಿತು. ಅದರಲ್ಲಿ ದುಡಿಯುವವರು ಬಹುಪಾಲು ಕುಟುಂಬಶ್ರೀ ಸಂಘಗಳ ಹೆಂಗಸರು. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ನೆರೆಹೊರೆ ಕೂಟಗಳಲ್ಲಿ ವಾರದ ಉಳಿತಾಯ, ಕೈಸಾಲ, ಲೆಕ್ಕದ ಪುಸ್ತಕಗಳನ್ನು ನಡೆಸಿ ಪಳಗಿದವರಿಗೆ ಮನೆಗಳ ಪಟ್ಟಿ, ಸರದಿ, ಶುಲ್ಕದ ರಸೀತಿ ಹೊಸವೆನಿಸಲಿಲ್ಲ. ಹಿತ್ತಲಿನಲ್ಲಿ ಸಂಬಳವಿಲ್ಲದೆ ನಡೆದಿದ್ದ ಕೆಲಸಕ್ಕೆ ಇಲ್ಲಿ ಕೂಲಿಯಾದರೂ ಸಂದಿತು. ಆದರೂ ಹೊರೆ ಹೆಂಗಸರ ಹೆಗಲಿನಿಂದ ಇಳಿಯಲಿಲ್ಲ ಎಂಬುದನ್ನು ಈ ಏರ್ಪಾಟನ್ನು ಹೊಗಳುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ತಿರುವನಂತಪುರ ಗೆದ್ದಿತು, ಕೊಚ್ಚಿ ಸೋತಿತು ಎಂದು ತೀರ್ಮಾನಿಸುವಂತಿಲ್ಲ. ತಂಪಾನೂರಿನ ರೈಲು ನಿಲ್ದಾಣದ ಹಳಿಗಳ ಅಡಿಯಲ್ಲಿ ಆಮಯಿಳಂಜಾನ್ ತೋಡು ಹರಿಯುತ್ತದೆ. (‘ತೋಡು’ ಕರಾವಳಿಯ ಕನ್ನಡಿಗರಿಗೆ ಅರ್ಥ ಹೇಳಬೇಕಾದ ಪದವಲ್ಲ.) 2024ರ ಜುಲೈ 13ರಂದು ಅದರ ಕಸ ತೆಗೆಯಲು ಇಳಿದ ಕಾರ್ಮಿಕನೊಬ್ಬ ಮಳೆಯ ನೀರಿನ ಸೆಳೆತಕ್ಕೆ ಸಿಕ್ಕಿಹೋದ. ಪ್ಲಾಸ್ಟಿಕ್ ಹೆಪ್ಪುಗಟ್ಟಿದ್ದ ಆ ಕತ್ತಲ ಕಾಲುವೆಯಲ್ಲಿ ಮುಳುಗುಗಾರರು ಮುಂದೆ ಹೋಗಲಾರದಾದರು. ಮೂರನೆಯ ದಿನ ಶವ ದೂರದಲ್ಲಿ ತೇಲಿತು. ಹಳಿಯ ಅಡಿಯ ಆ ಭಾಗವನ್ನು ಶುಚಿಯಾಗಿಡಬೇಕಾದವರು ಯಾರು ಎಂಬ ಪ್ರಶ್ನೆ ಎದ್ದಾಗ ನಗರಸಭೆ ರೈಲ್ವೆಯ ಮೇಲೆ, ರೈಲ್ವೆ ನಗರಸಭೆಯ ಮೇಲೆ ಹೊಣೆ ಹೊರಿಸಿದವು. ವಿಷಯ ಕೇರಳ ಉಚ್ಚ ನ್ಯಾಯಾಲಯಕ್ಕೆ ಹೋಯಿತು.